ವಾರಕ್ಕೆರಡು ಸಲದ ಬ್ರೆಡ್ಡಿಗೆ ಎಂಥ ಸ್ಟ್ಯಾಂಡ್ ಮಿಕ್ಸರ್ ಬೇಕು?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದಲ್ಲಿದ್ದೇವೆ. ಮನೆಯಲ್ಲಿ ಐದು ಜನ. ಒಂದು ವರ್ಷದಿಂದ ವಾರಕ್ಕೆ ಎರಡು ಸಲ ಮನೆಯಲ್ಲೇ ಬ್ರೆಡ್ ಮಾಡುತ್ತಿದ್ದೇನೆ, ಒಮ್ಮೊಮ್ಮೆ ಬೆಣ್ಣೆ ಬನ್. ಹಿಟ್ಟು ನಾದಿ ನಾದಿ ಮಣಿಕಟ್ಟು ನೋವು ಶುರುವಾಗಿದೆ. ಎಂಟು ಸಾವಿರದೊಳಗೆ ಒಂದು ಸ್ಟ್ಯಾಂಡ್ ಮಿಕ್ಸರ್ ತಗೊಳ್ಳೋಣ ಅಂತ ಇದೆ. ಆನ್‌ಲೈನಿನಲ್ಲಿ 1500 ವಾಟ್, 6.5 ಲೀಟರ್ ಬೌಲ್ ಇರುವುದೊಂದನ್ನು ನೋಡಿಟ್ಟಿದ್ದೇನೆ. ನನ್ನ ತಮ್ಮ ಅಮೆರಿಕದಿಂದ ಬರುವಾಗ ಅಲ್ಲಿಂದಲೇ ತರುತ್ತೇನೆ ಎನ್ನುತ್ತಾನೆ. ಯಾವುದು ಸರಿ? ನಮ್ಮತ್ತೆಯವರದ್ದೂ ಒಂದು ಪ್ರಶ್ನೆ ಇದೆ: ಇದರಲ್ಲಿ ಹೋಳಿಗೆ ಕಣಕ ಆಗುತ್ತಾ?

ಉತ್ತರ: ನೀವು ನೋಡಿಟ್ಟಿರುವುದನ್ನು ತಗೊಳ್ಳಬೇಡಿ. ಅದು ಕೆಟ್ಟ ಯಂತ್ರ ಅಂತಲ್ಲ. ನಿಮ್ಮ ಕೆಲಸಕ್ಕೆ ಅದರ ಬೌಲ್ ದೊಡ್ಡದಾಯಿತು. ಜೊತೆಗೆ ಅದರ ಮೇಲೆ ಬರೆದಿರುವ ವಾಟ್ ನೋಡಿ ನೀವು ಧೈರ್ಯ ತಂದುಕೊಂಡ ಹಾಗೆ ಕಾಣುತ್ತದೆ. ಹದಿನಾರು ವರ್ಷದಿಂದ ಈ ಊರಲ್ಲಿ ಬೇಕಿಂಗ್ ಕಲಿಸುತ್ತಿದ್ದೇನೆ. ಬಂದವರೆಲ್ಲ ಮೊದಲು ಕೇಳುವುದು ವಾಟನ್ನೇ.

ಮೊದಲು ನಿಮಗೆ ಎಷ್ಟು ಹಿಟ್ಟು ಬೇಕು ಅಂತ ಲೆಕ್ಕ ಹಾಕೋಣ. ಅಂಗಡಿಯಲ್ಲಿ ಸಿಗುವ 400 ಗ್ರಾಂ ಬ್ರೆಡ್ಡಿಗೆ 270 ಗ್ರಾಂ ಮೈದಾ ಸಾಕು. ನೀರು, ಉಪ್ಪು, ಯೀಸ್ಟ್ ಸೇರಿ ಅದು ಸುಮಾರು 450 ಗ್ರಾಂ ಹಿಟ್ಟಾಗುತ್ತದೆ. ಓವನ್ನಿನಲ್ಲಿ ನೀರು ಆವಿಯಾಗಿ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಐದು ಜನರ ಮನೆಗೆ ಒಂದು ಸಲಕ್ಕೆ ಎರಡು ಬ್ರೆಡ್ ಅಂದರೂ 550 ಗ್ರಾಂ ಮೈದಾ. ಅದಕ್ಕೆ 350 ಎಂ.ಎಲ್. ನೀರು, 11 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದಿಷ್ಟು ಬೆಣ್ಣೆ. ಎಲ್ಲ ಸೇರಿ ಕಿಲೋಗೂ ಸ್ವಲ್ಪ ಕಡಿಮೆ. ನಿಮ್ಮ ಯಂತ್ರ ಚೆನ್ನಾಗಿ ಮಾಡಬೇಕಾದ್ದು ಇಷ್ಟನ್ನು ಮಾತ್ರ.

ಈ 950 ಗ್ರಾಂ ಹಿಟ್ಟನ್ನು 6.5 ಲೀಟರ್ ಬೌಲಿಗೆ ಹಾಕಿದರೆ ತಳದಲ್ಲಿ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಒಂದೇ ಬ್ರೆಡ್ ಮಾಡುವ ದಿನ ಇನ್ನೂ ಕಷ್ಟ. ಹುಕ್ಕು, ಅಂದರೆ ಹಿಟ್ಟು ನಾದುವ ಕೊಕ್ಕೆ, ತಳ ಮುಟ್ಟುವುದಿಲ್ಲ. ಹಿಟ್ಟು ಹುಕ್ಕಿಗೆ ಸುತ್ತಿಕೊಂಡು ಅದರ ಜೊತೆಗೇ ಸುಮ್ನೆ ತಿರುಗುತ್ತದೆ. ಹತ್ತು ನಿಮಿಷ ಗರಗರ ತಿರುಗಿದ ಮೇಲೆ ತೆಗೆದು ನೋಡಿದರೆ ಹಿಟ್ಟು ಹಾಕಿದ ಹಾಗೇ ಇರುತ್ತದೆ. ನಿಮಗೆ 4.5ರಿಂದ 5 ಲೀಟರ್ ಬೌಲ್ ಸರಿ. ಬ್ರೆಡ್ ಹಿಟ್ಟಿನ ವಿಷಯದಲ್ಲಿ ಕಂಪನಿಯವರು ಎಷ್ಟು ಕಿಲೋ ನಾದಬಹುದು ಅಂತ ಬರೆದಿರುತ್ತಾರೋ ಅದರ ಅರ್ಧ ನಿಮ್ಮದು ಅಂದುಕೊಳ್ಳಿ. ಕೇಕ್ ಹಿಟ್ಟಿಗೆ ಅವರ ಮಾತು ನಂಬಬಹುದು.

ಇನ್ನು ವಾಟ್. ವಾಟ್ ಅಂದರೆ ಮೋಟಾರು ಎಷ್ಟು ಕರೆಂಟು ತಿನ್ನುತ್ತದೆ ಅಂತ. ಎಷ್ಟು ಬಲವಾಗಿ ಹುಕ್ಕನ್ನು ತಿರುಗಿಸುತ್ತದೆ ಅಂತ ಅಲ್ಲ. ಜಾಸ್ತಿ ಮೇವು ತಿನ್ನುವ ಎತ್ತು ಜಾಸ್ತಿ ಉಳುತ್ತದೆ ಅಂತ ಯಾವ ರೈತರೂ ಹೇಳುವುದಿಲ್ಲ, ಅಲ್ವಾ? ಕಿಚನ್‌ಏಡ್ ಕಂಪನಿಯ ಆರ್ಟಿಸಾನ್ ಅನ್ನುವ 4.8 ಲೀಟರ್ ಮಾದರಿ ಪ್ರಪಂಚದ ತುಂಬ ಮನೆಗಳಲ್ಲಿದೆ. ಅದರ ಮೇಲೆ ಬರೆದಿರುವುದು 300 ವಾಟ್. ಅದರಲ್ಲಿ ಮೋಟಾರಿನ ಬಲ ಲೋಹದ ಗೇರುಗಳ ಮೂಲಕ ನೇರವಾಗಿ ಹುಕ್ಕಿಗೆ ಹೋಗುತ್ತದೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಮಿಕ್ಸಿಯಲ್ಲಿರುವಂಥ, ಜೋರಾಗಿ ತಿರುಗುವ ಸಣ್ಣ ಮೋಟಾರು ಇರುತ್ತದೆ. ಅದರ ವೇಗವನ್ನು ಬೆಲ್ಟು, ನೈಲಾನ್ ಗೇರುಗಳಿಂದ ಇಳಿಸಿರುತ್ತಾರೆ. ತಿಂದ ಕರೆಂಟಿನಲ್ಲಿ ಎಷ್ಟೋ ಪಾಲು ಶಾಖವಾಗಿ, ಸದ್ದಾಗಿ ಹೋಗುತ್ತದೆ.

ಒಂದು ತಮಾಷೆ ನೋಡಿ. 1500 ವಾಟ್ ಯಂತ್ರ ನಿಜವಾಗಿ ಅಷ್ಟನ್ನು ಒಂದೇ ಸಮ ಎಳೆದರೆ ನಮ್ಮ 230 ವೋಲ್ಟಿನಲ್ಲಿ ಆರೂವರೆ ಆಂಪ್ಸ್ ಬೇಕು. ನಾನು ನೋಡಿದ ಇಂಥ ಒಂದೆರಡು ಯಂತ್ರಗಳಿಗೆ ಕೊಟ್ಟಿದ್ದು ಮಾತ್ರ ಮಾಮೂಲಿ 6 ಆಂಪ್ಸಿನ ಪ್ಲಗ್. ಡಬ್ಬದ ಮೇಲಿನ ನಂಬರ್ ಒಂದು ಗಳಿಗೆಯ ಆರ್ಭಟ ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಏನು ನೋಡಬೇಕು? ತೂಕ ನೋಡಿ. ಇದು ಚೀಟಿಯಲ್ಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಒಳಗೆ ಲೋಹದ ಗೇರು, ದಪ್ಪ ತಾಮ್ರದ ಸುರುಳಿ, ಗಟ್ಟಿ ದೇಹ ಇದ್ದರೆ ಯಂತ್ರ ಭಾರ ಇರಲೇಬೇಕು. ನಾನು ಹೇಳಿದ ಆ 300 ವಾಟಿನದು ಹತ್ತು ಕಿಲೋ ಆಸುಪಾಸು ತೂಗುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಅದು ಸಿಗುವುದಿಲ್ಲ, ಬಿಡಿ. ಆದರೆ ಐದು ಕಿಲೋಗಿಂತ ಕಡಿಮೆ ಇರುವುದನ್ನು ಬ್ರೆಡ್ಡಿಗೆ ಕೊಳ್ಳಬೇಡಿ. ಹಗುರ ಯಂತ್ರ ಹಿಟ್ಟು ನಾದುವಾಗ ಕಡಪಾ ಕಲ್ಲಿನ ಮೇಲೆ ತಾನೇ ನಡೆಯತೊಡಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬರ ಮನೆಯಲ್ಲಿ ಹಾಗೇ ನಡೆದುಕೊಂಡು ಹೋಗಿ ಸಿಂಕಿಗೆ ಬಿತ್ತು. ಆಕೆ ಆಗ ಫೋನಿನಲ್ಲಿ ಮಾತಾಡುತ್ತಿದ್ದರು.

ಆಮೇಲೆ ಹುಕ್ಕಿನ ಆಕಾರ. ಕೆಲವದರಲ್ಲಿ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಹುಕ್ಕು, ಕೆಲವದರಲ್ಲಿ ತಿರುಚಿದ ಸುರುಳಿ ಹುಕ್ಕು ಇರುತ್ತದೆ. ಸುರುಳಿಯದು ಹಿಟ್ಟನ್ನು ಕೆಳಕ್ಕೆ ಒತ್ತುತ್ತದೆ. ಸಿ ಆಕಾರದ್ದರಲ್ಲಿ ಹಿಟ್ಟು ಮೇಲಕ್ಕೆ ಹತ್ತಿ ಮೋಟಾರಿನ ಬುಡಕ್ಕೆ ಮೆತ್ತಿಕೊಳ್ಳುತ್ತದೆ. ನಡುನಡುವೆ ನಿಲ್ಲಿಸಿ ಇಳಿಸುತ್ತಿದ್ದರೆ ಅದೂ ನಡೆಯುತ್ತದೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ ಸುರುಳಿಯದನ್ನೇ ತಗೊಳ್ಳಿ.

ಅಂಗಡಿಯಲ್ಲಿ ಇಟ್ಟಿದ್ದರೆ ಯಂತ್ರದ ತಲೆಯನ್ನು ಇಳಿಸಿ, ಲಾಕ್ ಹಾಕಿ, ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪ ಆಡುತ್ತದೆ, ಪರವಾಗಿಲ್ಲ. ಲಟಲಟ ಅಂದರೆ ಬೇಡ. ಹುಕ್ಕು ಸಿಕ್ಕಿಸಿ, ಅದರ ತುದಿಗೂ ಬೌಲಿನ ತಳಕ್ಕೂ ಎಷ್ಟು ಸಂದು ಇದೆ ನೋಡಿ. ಕಿರುಬೆರಳು ಆರಾಮಾಗಿ ತೂರಿದರೆ ಕಡಿಮೆ ಹಿಟ್ಟು ಅದರ ಕೈಗೆ ಸಿಗುವುದಿಲ್ಲ. ಅಂಗಡಿಯವರು ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ. ಬಣ್ಣ, ಲೈಟು, ಹನ್ನೆರಡು ಸ್ಪೀಡು ಇವ್ಯಾವುದಕ್ಕೂ ದುಡ್ಡು ಕೊಡಬೇಡಿ. ಬ್ರೆಡ್ಡಿಗೆ ಬೇಕಾಗುವುದು ಒಂದು ಮತ್ತು ಎರಡನೇ ಸ್ಪೀಡು ಮಾತ್ರ. ಮೂರಕ್ಕೆ ಹೋದಿರೋ, ಗೇರು ಹಲ್ಲು ಉದುರಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ ಯಂತ್ರದ ಅಡಿಯಲ್ಲಿ ಇರುತ್ತದೆ. ತಿರುಗಿಸಿ ಚೀಟಿ ಓದಿ. ಕೆ.ಬಿ. 5 ನಿಮಿಷ, ಕೆ.ಬಿ. 10 ನಿಮಿಷ ಅಂತ ಏನಾದರೂ ಇರಬಹುದು. ಒಂದೇ ಸಮ ಅಷ್ಟು ಹೊತ್ತು ಮಾತ್ರ ಓಡಿಸಬಹುದು, ಆಮೇಲೆ ಮೋಟಾರು ತಣ್ಣಗಾಗಬೇಕು ಅಂತ ಅದರ ಅರ್ಥ. ಕಡಿಮೆ ಬೆಲೆಯ ಯಂತ್ರಗಳು ಸಾಯುವುದೇ ಇಲ್ಲಿ.

ನನ್ನ ಮೊದಲ ಯಂತ್ರವೂ ಹಾಗೇ ಸತ್ತದ್ದು. ಯಾವ ಕಂಪನಿ ಅಂತ ಕೇಳಬೇಡಿ, ತಪ್ಪು ನನ್ನದೂ ಇತ್ತು. ಬ್ರೆಡ್ ಚೆನ್ನಾಗಿ ಬಂದ ಖುಷಿಯಲ್ಲಿ ಮನೆಗೆ ನೆಂಟರು ಬಂದ ದಿನ ಒಂದು ಕಿಲೋ ಚಪಾತಿ ಹಿಟ್ಟು ಹಾಕಿಬಿಟ್ಟೆ. ಏಳನೇ ನಿಮಿಷಕ್ಕೆ ಸುಟ್ಟ ವಾಸನೆ, ಎಂಟಕ್ಕೆ ಹೊಗೆ. ವೈಂಡಿಂಗ್ ಅಂಗಡಿಯವರು ಬಿಚ್ಚಿ ನೋಡಿ, "ಮೇಡಂ, ಇದು ಕೇಕ್ ಮಿಷಿನ್ನು, ಗಿರಣಿ ಅಲ್ಲ" ಅಂದರು. ಚಪಾತಿ ಹಿಟ್ಟು ಬ್ರೆಡ್ ಹಿಟ್ಟಿಗಿಂತ ಗಟ್ಟಿ. ಯಂತ್ರಕ್ಕೆ ಅದು ದುಪ್ಪಟ್ಟು ಭಾರ. ಹಿಟ್ಟಿನ ತೂಕ ನೋಡಿದ್ದೆ, ಗಟ್ಟಿತನ ನೋಡಿರಲಿಲ್ಲ.

ಅಷ್ಟಾದರೂ ಕಡಿಮೆ ಬೆಲೆಯ ಯಂತ್ರ ಬೇಡ ಅಂತ ನಾನು ಹೇಳುವುದಿಲ್ಲ. ಅದರ ಕೈಲಿ ಅರ್ಧ ಕೆಲಸ ಮಾತ್ರ ಮಾಡಿಸಬೇಕು. ಉಳಿದ ಅರ್ಧವನ್ನು ನೀರು ಮಾಡುತ್ತದೆ. ಇದನ್ನು ನಿಮಗೆ ನಾನು ಹೊಸದಾಗಿ ಕಲಿಸಬೇಕಿಲ್ಲ, ನಿಮ್ಮತ್ತೆಯವರಿಗೆ ಆಗಲೇ ಗೊತ್ತು. ಹೋಳಿಗೆಗೆ ಕಣಕ ಕಲಸಿ, ಎಣ್ಣೆ ಹಾಕಿ, ಒಂದೆರಡು ಗಂಟೆ ನೆನೆಯಲು ಬಿಡುತ್ತಾರಲ್ಲ? ಆಮೇಲೆ ಎಳೆದರೆ ಹರಿಯದೆ ರಬ್ಬರಿನ ಹಾಗೆ ಬರುತ್ತದೆ. ಆ ಎರಡು ಗಂಟೆ ಯಾರೂ ನಾದುತ್ತಿರುವುದಿಲ್ಲ. ಗೋದಿಯಲ್ಲಿರುವ ಪ್ರೋಟೀನು ನೀರು ಕುಡಿದು ತಾನೇ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತಿರುತ್ತದೆ. ಬ್ರೆಡ್ಡಿಗೂ ಅದೇ ಬೇಕು.

ನನ್ನ ಕ್ರಮ ಹೀಗಿದೆ. ಮೈದಾ, ಯೀಸ್ಟ್, ನೀರು ಮೂರನ್ನೂ ಬೌಲಿನಲ್ಲೇ ಸೌಟಿನಿಂದ ಕಲಸಿಬಿಡಿ. ಒಣ ಹಿಟ್ಟು ಕಾಣಬಾರದು, ಅಷ್ಟೇ. ಉಪ್ಪು ಈಗಲೇ ಬೇಡ, ಅದು ಹಿಟ್ಟನ್ನು ಬಿಗಿ ಮಾಡುತ್ತದೆ. ಮುಚ್ಚಿ ಇಪ್ಪತ್ತೈದು ನಿಮಿಷ ಬಿಡಿ. ಆಮೇಲೆ ಉಪ್ಪು ಹಾಕಿ ಒಂದನೇ ಸ್ಪೀಡಿನಲ್ಲಿ ನಾಲ್ಕು ನಿಮಿಷ ಓಡಿಸಿ. ಹತ್ತು ನಿಮಿಷ ನಿಲ್ಲಿಸಿ. ಹಿಟ್ಟಿಗೂ ವಿಶ್ರಾಂತಿ, ಮೋಟಾರಿಗೂ ವಿಶ್ರಾಂತಿ. ಈಗ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಎರಡನೇ ಸ್ಪೀಡಿನಲ್ಲಿ ಇನ್ನು ನಾಲ್ಕು ನಿಮಿಷ. ಒಂದು ನಿಂಬೆ ಗಾತ್ರದ ಹಿಟ್ಟು ತೆಗೆದು ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಬೆಳಕು ಕಾಣುವಷ್ಟು ತೆಳುವಾಗಿ, ಹರಿಯದೆ ಬಂದರೆ ಆಯಿತು. ಬರದಿದ್ದರೆ ಮತ್ತೆ ಹತ್ತು ನಿಮಿಷ ಬಿಟ್ಟು ಎರಡು ನಿಮಿಷ ಓಡಿಸಿ. ಒಟ್ಟು ಎಂಟು ಹತ್ತು ನಿಮಿಷಕ್ಕಿಂತ ಯಂತ್ರ ದುಡಿಯುವುದಿಲ್ಲ. ಹೀಗೆ ಬಳಸಿದರೆ ಏಳು ಸಾವಿರದ ಯಂತ್ರವೂ ವರ್ಷಗಟ್ಟಲೆ ಬರುತ್ತದೆ.

ಬೆಣ್ಣೆಯನ್ನು ಯಾವತ್ತೂ ಮೊದಲೇ ಹಾಕಬೇಡಿ. ಜಿಡ್ಡು ಹಿಟ್ಟಿನ ಕಣಕ್ಕೆ ಸವರಿಕೊಂಡರೆ ಗ್ಲುಟೆನ್ ಕೂಡಿಕೊಳ್ಳಲು ತಡವಾಗುತ್ತದೆ. ನಮ್ಮೂರಲ್ಲಿ ಸಿಗುವ ಬಿಳಿ ಬೆಣ್ಣೆ ಬನ್ನಿಗೆ ಬಹಳ ಚೆನ್ನ. ದೋಸೆಗೆ ಮಾತ್ರ ಯಾಕೆ ಅದರ ಹೆಸರು! ಆದರೆ ಅದರಲ್ಲಿ ಮಜ್ಜಿಗೆಯ ನೀರು ಇರುತ್ತದೆ. ಕೈಯಲ್ಲಿ ಒತ್ತಿ ನೀರು ತೆಗೆದು ಹಾಕಿ. ಇಲ್ಲದಿದ್ದರೆ ಕೊನೆಗೆ ಹಿಟ್ಟು ಬೌಲಿಗೆ ಅಂಟಿಕೊಂಡು ಗಾಬರಿ ಹುಟ್ಟಿಸುತ್ತದೆ.

ಬೇಸಿಗೆಯ ಮಾತು ಹೇಳದೆ ಬಿಟ್ಟರೆ ಏಪ್ರಿಲ್‌ನಲ್ಲಿ ನೀವು ನನ್ನನ್ನು ಬೈಯುತ್ತೀರಿ. ನಾದಿ ಮುಗಿದಾಗ ಹಿಟ್ಟು 26 ಡಿಗ್ರಿ ಹತ್ತಿರ ಇರಬೇಕು. ಬೇಕರಿಯವರ ಲೆಕ್ಕ ಸುಲಭ. 26ನ್ನು ಮೂರರಿಂದ ಗುಣಿಸಿದರೆ 78. ಅದರಲ್ಲಿ ಅಡುಗೆಮನೆಯ ಬಿಸಿ, ಹಿಟ್ಟಿನ ಬಿಸಿ, ಹುಕ್ಕಿನ ತಿಕ್ಕಾಟದ ಬಿಸಿ ಮೂರನ್ನೂ ಕಳೆಯಿರಿ. ಉಳಿದದ್ದು ನೀರಿನ ಬಿಸಿ. ಈಗ ನಮ್ಮೂರಿನ ಬೇಸಿಗೆ ಮಧ್ಯಾಹ್ನ ಅಡುಗೆಮನೆ 36, ಡಬ್ಬದಲ್ಲಿರುವ ಮೈದಾನೂ 36. ಅಲ್ಲಿಗೇ 72 ಹೋಯಿತು. ಉಳಿದದ್ದು 6. ತಿಕ್ಕಾಟದ್ದನ್ನೂ ಕಳೆದರೆ ಸೊನ್ನೆಗಿಂತ ಕೆಳಗೆ. ಅಂದರೆ ಫ್ರಿಜ್ಜಿನ ನೀರೂ ಸಾಲದು. ಅದಕ್ಕೇ ಹಿಂದಿನ ರಾತ್ರಿಯೇ ಮೈದಾವನ್ನು ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿಗೆ ಇಡಿ. ನೀರಿನ ಕಾಲು ಭಾಗವನ್ನು ಐಸ್ ಪುಡಿಯಾಗಿ ಹಾಕಿ. ಇಲ್ಲವೇ ಬೆಳಿಗ್ಗೆ ಆರಕ್ಕೆ ನಾದಿ. ಬಿಸಿ ಹಿಟ್ಟು ಬೇಗ ಉಬ್ಬಿ, ಬೇಗ ಹುಳಿಯಾಗಿ, ಓವನ್ನಿನಲ್ಲಿ ಕುಸಿಯುತ್ತದೆ. ಜನ ಯೀಸ್ಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕರೆಂಟಿನ ಬಗ್ಗೆಯೂ ಒಂದು ಮಾತು. ನಾದುವಾಗ ಕರೆಂಟು ಹೋದರೆ ಹಿಟ್ಟಿಗೇನೂ ಆಗುವುದಿಲ್ಲ, ಮುಚ್ಚಿಟ್ಟು ಕಾಯಿರಿ. ವೋಲ್ಟೇಜ್ ಇಳಿದು ಬಲ್ಬು ಮಂಕಾದಾಗ ಮಾತ್ರ ಓಡಿಸಬೇಡಿ. ಹುಕ್ಕು ನಿಧಾನವಾಗಿ ಹಿಟ್ಟಿನಲ್ಲಿ ಸಿಕ್ಕಿ, ಮೋಟಾರು ಒಳಗೇ ಬೇಯುತ್ತದೆ.

ತಮ್ಮನ ವಿಷಯಕ್ಕೆ ಬರೋಣ. ಪ್ರೀತಿಯಿಂದ ಹೇಳಿದ್ದಾನೆ, ಆದರೂ ಬೇಡ ಅನ್ನಿ. ಅಲ್ಲಿಯ ಯಂತ್ರ 120 ವೋಲ್ಟಿನದು. ನಮ್ಮ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಮೊಬೈಲ್ ಚಾರ್ಜರಿಗೆ ಬಳಸುವ ಚಿಕ್ಕದಲ್ಲ, ಯಂತ್ರದ ವಾಟಿನ ಎರಡು ಮೂರು ಪಟ್ಟು ತಡೆಯುವ ಭಾರದ ಪೆಟ್ಟಿಗೆ. ಅದನ್ನು ಎಲ್ಲಿ ಇಡುತ್ತೀರಿ? ವಿಮಾನದಲ್ಲಿ ಹತ್ತು ಕಿಲೋ ತೂಕ ಬೇರೆ. ಕೆಟ್ಟರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯುವುದೂ ಕಷ್ಟ. ತಮ್ಮನಿಗೆ ಒಂದು ಒಳ್ಳೆಯ ಬ್ರೆಡ್ ಟಿನ್ನು, ಹಿಟ್ಟಿನ ಬಿಸಿ ನೋಡುವ ಥರ್ಮಾಮೀಟರು ತರಲು ಹೇಳಿ. ಅವು ಯಾವ ವೋಲ್ಟಿಗೂ ಕೆಡುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಅಟ್ಟ ನೋಡಿ. ದೋಸೆ ಊರಿನಲ್ಲಿ ಟೇಬಲ್‌ಟಾಪ್ ಗ್ರೈಂಡರ್ ಇಲ್ಲದ ಮನೆ ಕಡಿಮೆ. ಅದರ ಜೊತೆ ಹಿಟ್ಟು ಕಲಸುವ ಒಂದು ಬಿಲ್ಲೆ ಕೊಟ್ಟಿರುತ್ತಾರೆ, ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಕಲ್ಲು ತೆಗೆದು ಅದನ್ನು ಸಿಕ್ಕಿಸಿ. ಡ್ರಮ್ಮು ತಿರುಗುತ್ತದೆ, ಬಿಲ್ಲೆ ನಿಂತಲ್ಲೇ ಹಿಟ್ಟನ್ನು ತಡೆದು ಮಡಚುತ್ತದೆ. ನಿಧಾನ, ಆದರೆ ಹಿಟ್ಟು ಜಾಸ್ತಿ ಬಿಸಿಯಾಗುವುದಿಲ್ಲ. ಎರಡು ಲೀಟರ್ ಗ್ರೈಂಡರಿನಲ್ಲಿ 300 ಗ್ರಾಂ ಮೈದಾದಿಂದ ಶುರುಮಾಡಿ. ಮೇಲೆ ಹೇಳಿದ ಹಾಗೆ ನೆನೆಸಿ ಆಮೇಲೆ ನಾದಿ. ನನ್ನ ಬಳಿ ಕಲಿತವರಲ್ಲಿ ಎಷ್ಟೋ ಜನ ಇಲ್ಲೇ ನಿಂತರು, ಮಿಕ್ಸರ್ ಕೊಳ್ಳಲೇ ಇಲ್ಲ. ಮಿಕ್ಸಿ ಜಾರು, ಕೇಕಿನ ಕೈ ಬೀಟರು ಇವೆರಡನ್ನು ಮಾತ್ರ ಬ್ರೆಡ್ ಹಿಟ್ಟಿನ ಹತ್ತಿರ ತರಬೇಡಿ.

ಮಣಿಕಟ್ಟಿನ ನೋವು ಜಾಸ್ತಿ ಇದ್ದರೆ ಈ ವಾರವೇ ನಾದುವುದು ನಿಲ್ಲಿಸಿ. 400 ಗ್ರಾಂ ಮೈದಾಕ್ಕೆ 290 ಎಂ.ಎಲ್. ನೀರು, 8 ಗ್ರಾಂ ಉಪ್ಪು, ಕಾಲು ಚಮಚ ಯೀಸ್ಟ್ ಹಾಕಿ ಸೌಟಿನಲ್ಲಿ ಕಲಸಿ. ಅರ್ಧ ಗಂಟೆಗೊಮ್ಮೆ, ನಾಲ್ಕು ಸಲ, ಒದ್ದೆ ಕೈಯಲ್ಲಿ ಅಂಚನ್ನು ಎತ್ತಿ ನಡುವಿಗೆ ಮಡಚಿ. ರಾತ್ರಿ ಫ್ರಿಜ್ಜಿಗೆ ಇಟ್ಟು ಬೆಳಿಗ್ಗೆ ಬೇಯಿಸಿ. ಡಾಕ್ಟರನ್ನು ನೋಡುವವರೆಗೆ ಇದು ಸಾಕು.

ಇದೆಲ್ಲ ಆದ ಮೇಲೂ ಸ್ಟ್ಯಾಂಡ್ ಮಿಕ್ಸರ್ ಬೇಕೆನ್ನಿಸಿದರೆ, ಕೇಕು, ಮೊಟ್ಟೆ ನೊರೆ, ಕ್ರೀಮು ಎಲ್ಲಕ್ಕೂ ಆಗುತ್ತದೆ ಅಂತಿದ್ದರೆ, ಧಾರಾಳವಾಗಿ ತಗೊಳ್ಳಿ. ಇನಾಲ್ಸಾ, ಅಗಾರೋ, ವಂಡರ್‌ಶೆಫ್ ಮುಂತಾದವರ 5 ಲೀಟರ್ ಆಸುಪಾಸಿನ ಯಂತ್ರಗಳು ನಿಮ್ಮ ಬಜೆಟ್ಟಿನ ಹತ್ತಿರ ಬರುತ್ತವೆ, ಹಬ್ಬದ ರಿಯಾಯಿತಿಯಲ್ಲಿ ಇನ್ನೂ ಇಳಿಯುತ್ತವೆ. ಯಾವುದೇ ಇರಲಿ, ಕೊಳ್ಳುವ ಮೊದಲು ಕಸ್ಟಮರ್ ಕೇರಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ: ರಿಪೇರಿಯವರು ದಾವಣಗೆರೆಗೆ ಬರುತ್ತಾರಾ, ನಾನೇ ಬೆಂಗಳೂರಿಗೆ ಕಳಿಸಬೇಕಾ? ಕಾರ್ಬನ್ ಬ್ರಷ್, ಗೇರು ಬಿಡಿಯಾಗಿ ಸಿಗುತ್ತದಾ? ಬ್ರಷ್ ಸವೆಯುವ ವಸ್ತು. ಮೋಟಾರಿನಲ್ಲಿ ಕಿಡಿ ಜಾಸ್ತಿಯಾಗಿ ಬಲ ಕುಂದಿದರೆ ಮೊದಲು ನೋಡಬೇಕಾದ್ದು ಅದನ್ನೇ. ಊರಿನ ಮಿಕ್ಸಿ ರಿಪೇರಿಯವರೇ ಹಾಕಿಕೊಡುತ್ತಾರೆ, ಬ್ರಷ್ ಸಿಗಬೇಕಷ್ಟೇ. ಎರಡು ವರ್ಷ ವಾರಂಟಿ ಎಂದಿದ್ದು ರಿಪೇರಿಯವರು 260 ಕಿಲೋಮೀಟರ್ ದೂರ ಇರುವ ಯಂತ್ರಕ್ಕಿಂತ, ಒಂದು ವರ್ಷ ವಾರಂಟಿಯದಾದರೂ ಊರಲ್ಲೇ ರಿಪೇರಿಯಾಗುವುದನ್ನು ನಾನು ಆರಿಸುತ್ತೇನೆ.

ನಿಮ್ಮತ್ತೆಯವರ ಪ್ರಶ್ನೆಗೆ ಉತ್ತರ: ಆಗುತ್ತದೆ, ಬಹಳ ಚೆನ್ನಾಗಿ ಆಗುತ್ತದೆ. ಕಣಕ ಬ್ರೆಡ್ ಹಿಟ್ಟಿಗಿಂತ ಮೆತ್ತಗೆ, ಹಾಗಾಗಿ ಯಂತ್ರಕ್ಕೆ ಅದು ಹಗುರ ಕೆಲಸ. ಮೈದಾ, ಚಿರೋಟಿ ರವೆ ಯಾವುದಾದರೂ ಸರಿ, ಮುನ್ನೂರು ಗ್ರಾಮಿಗಿಂತ ಕಡಿಮೆ ಇರಬಾರದು, ಹುಕ್ಕಿಗೆ ಸಿಗುವುದಿಲ್ಲ. ಅರಿಶಿಣ, ನೀರು ಹಾಕಿ ಒಂದನೇ ಸ್ಪೀಡಿನಲ್ಲಿ ಐದು ನಿಮಿಷ, ಕೊನೆಗೆ ಎಣ್ಣೆ ಬಿಡುತ್ತಾ ಎರಡು ನಿಮಿಷ. ಆಮೇಲೆ ಅವರು ಯಾವಾಗಲೂ ನೆನೆಸಿಡುವಷ್ಟು ಹೊತ್ತು ನೆನೆಸಿಡಲಿ, ಅದನ್ನು ಕಡಿಮೆ ಮಾಡಬೇಡಿ. ಹೂರಣ ಮಾತ್ರ ಇದಕ್ಕೆ ಹಾಕಬೇಡಿ, ಅದು ಗ್ರೈಂಡರಿನ ಕೆಲಸ.